ಶಿಷ್ಯವೇತನದ ಪರಿಭಾಷೆ: ಸಿಂಧನೂರು, ಲಿಂಗಸುಗೂರು, ಮಸ್ಕಿ ಭಾಗದಲ್ಲಿ ದುಡಿಮೆಯ ಪ್ರವೇಶ

1. ಪ್ರಸ್ತಾವನೆ

ಶಾಲೆ ಮುಗಿಸಿ ಮೊದಲ ಬಾರಿಗೆ ದುಡಿಮೆಗೆ ಹೊರಟ ಹುಡುಗನನ್ನು ಕುರಿತು ಸಿಂಧನೂರು, ಲಿಂಗಸುಗೂರು, ಮಸ್ಕಿ ಭಾಗದ ಆಡುಮಾತಿನಲ್ಲಿ ಎರಡು ಬಗೆಯಾಗಿ ಹೇಳಬಹುದು. ‘ಕೆಲಸಕ್ಕ ಹೋಗ್ಯಾನ’ ಎನ್ನುವುದು ಒಂದು ಬಗೆ. ‘ಕೆಲಸ ಕಲಿಯಾಕ ಹೋಗ್ಯಾನ’ ಎನ್ನುವುದು ಇನ್ನೊಂದು ಬಗೆ. ಅವನು ಹೋದ ಗ್ಯಾರೇಜು ಒಂದೇ ಇರಬಹುದು, ಅಲ್ಲಿ ಮಾಡುವ ದುಡಿಮೆಯೂ ಒಂದೇ ಇರಬಹುದು. ಆದರೆ ಮೊದಲ ಮಾತು ‘ಎಷ್ಟು ಕೊಡ್ತಾರ?’ ಎಂಬ ಮರುಪ್ರಶ್ನೆಯನ್ನು ಹುಟ್ಟಿಸುತ್ತದೆ. ಎರಡನೆಯದು ‘ಯಾರ ಕೈಕೆಳಗ?’ ಎಂಬ ಪ್ರಶ್ನೆಯನ್ನು ಹುಟ್ಟಿಸುತ್ತದೆ. ಕ್ರಿಯಾಪದ ಬದಲಾದೊಡನೆ ಕೂಲಿಯ ಪ್ರಶ್ನೆ ಹಿಂದೆ ಸರಿದು ಗುರುವಿನ ಪ್ರಶ್ನೆ ಮುಂದೆ ಬರುತ್ತದೆ.

ಈ ವ್ಯತ್ಯಾಸವೇ ಪ್ರಸ್ತುತ ಲೇಖನದ ಆರಂಭಬಿಂದು. ಎಳೆಯರ ದುಡಿಮೆಗೆ ಕೊಡುವ ಅಲ್ಪ ಹಣವನ್ನು ಕನ್ನಡವು ಸಂಬಳ, ಕೂಲಿ, ಪಗಾರ ಎಂದು ಕರೆಯದೆ ಶಿಷ್ಯವೇತನ, ಗೌರವಧನ, ಭತ್ಯೆ ಎಂದು ಕರೆಯುತ್ತದೆ. ಈ ಹೆಸರುಗಳು ಎಲ್ಲಿಂದ ಬಂದವು, ಕೊಡುವವರ ಹೊಣೆಯನ್ನು ಹೆಚ್ಚಿಸುತ್ತವೆಯೋ ಕುಗ್ಗಿಸುತ್ತವೆಯೋ, ಕಾನೂನು ಇವುಗಳನ್ನು ಹೇಗೆ ಅರ್ಥೈಸಿದೆ ಎಂಬುದನ್ನು ಪರಿಶೀಲಿಸುವುದು ಇಲ್ಲಿನ ಉದ್ದೇಶ. ಕಲಿಯುವವರಿಗೆ ಕಡಿಮೆ ಕೊಡುವುದಕ್ಕೆ ಇರುವ ಏಕೈಕ ಸಮರ್ಥನೆ ಕಲಿಕೆ. ಕಲಿಕೆಯಿಲ್ಲದ ಕಡೆ ‘ಶಿಷ್ಯ’ ಎಂಬ ಪದವು ಕೂಲಿಯ ಬಾಕಿಯನ್ನು ಮರೆಮಾಡುವ ಹೆಸರಾಗಿ ಉಳಿಯುತ್ತದೆ ಎಂಬುದು ಲೇಖನದ ಪ್ರತಿಪಾದನೆ.

2. ಪ್ರದೇಶದ ಹಿನ್ನೆಲೆ

ರಾಯಚೂರು ಜಿಲ್ಲೆಯ ಈ ಮೂರು ತಾಲ್ಲೂಕುಗಳು ಒಂದಕ್ಕೊಂದು ಅಂಟಿಕೊಂಡಿದ್ದರೂ ಅವುಗಳ ದುಡಿಮೆಯ ಸ್ವರೂಪ ಒಂದೇ ಅಲ್ಲ. ಸಿಂಧನೂರು ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನು ಕಂಡ ನಾಡು. ಜೋಳ ಬೆಳೆಯುತ್ತಿದ್ದ ಎರೆಭೂಮಿ ಭತ್ತದ ಗದ್ದೆಯಾಗಿ, ಅದರ ಬೆನ್ನಿಗೆ ಅಕ್ಕಿ ಗಿರಣಿ, ಟ್ರ್ಯಾಕ್ಟರ್ ಮಾರಾಟ ಮಳಿಗೆ, ದುರಸ್ತಿ ಗ್ಯಾರೇಜು, ಬೀಜ–ಗೊಬ್ಬರದ ಅಂಗಡಿಗಳು ಬಂದವು. ಲಿಂಗಸುಗೂರು ತಾಲ್ಲೂಕಿನಲ್ಲಿ ಹಟ್ಟಿ ಚಿನ್ನದ ಗಣಿ ಇದೆ. 1947ರಲ್ಲಿ ಹೈದರಾಬಾದ್ ಚಿನ್ನದ ಗಣಿ ಕಂಪನಿ ಎಂದು ಸ್ಥಾಪನೆಯಾದ ಈ ಸಂಸ್ಥೆ ರಾಜ್ಯ ಪುನರ್ವಿಂಗಡಣೆಯ ಕಾಲದಲ್ಲಿ ಹಟ್ಟಿಯ ಹೆಸರನ್ನು ಪಡೆಯಿತು. ಮಸ್ಕಿಯ ಅಶೋಕ ಶಾಸನವನ್ನು 1915ರಲ್ಲಿ ಬೆಳಕಿಗೆ ತಂದ ಬೀಡನ್ ಕೂಡ ಚಿನ್ನದ ಶೋಧದಲ್ಲಿ ತೊಡಗಿದ್ದ ಎಂಜಿನಿಯರೇ. ಬಹುಕಾಲ ಲಿಂಗಸುಗೂರು ತಾಲ್ಲೂಕಿಗೆ ಸೇರಿದ್ದ ಮಸ್ಕಿ ಇತ್ತೀಚಿನ ತಾಲ್ಲೂಕು ಪುನರ್ರಚನೆಯಲ್ಲಿ ಪ್ರತ್ಯೇಕ ತಾಲ್ಲೂಕಾಯಿತು. ಕಾಲುವೆಯ ನೀರು ತಲುಪದ ಒಣಭೂಮಿಯ ಹಳ್ಳಿಗಳಿಂದ ಬೆಂಗಳೂರು, ಪುಣೆ, ಮುಂಬಯಿಗಳ ಕಡೆಗೆ ಗುಳೆ ಹೋಗುವುದು ವಾಡಿಕೆ. ಶಾಲೆ ಬಿಟ್ಟ ಅನೇಕರಿಗೆ ದುಡಿಮೆಯ ಮೊದಲ ಪಾಠ ಸಿಗುವುದು ಗುಳೆಯ ದಾರಿಯಲ್ಲಿಯೇ.

ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರ ವರದಿಯಲ್ಲಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ 21 ಆಗಿನ ಗುಲ್ಬರ್ಗಾ ವಿಭಾಗಕ್ಕೆ ಸೇರಿದ್ದವು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75.36 ಇದ್ದರೆ ರಾಯಚೂರು ಜಿಲ್ಲೆಯದು ಶೇ. 59.56. ಸಂವಿಧಾನಕ್ಕೆ 98ನೆಯ ತಿದ್ದುಪಡಿಯ ಮೂಲಕ ಸೇರಿದ 371(ಜೆ) ವಿಧಿಯು ಈ ಭಾಗದ ಅಭ್ಯರ್ಥಿಗಳಿಗೆ ಶಿಕ್ಷಣ ಸಂಸ್ಥೆಗಳಲ್ಲಿ ಮಾತ್ರವಲ್ಲದೆ ವೃತ್ತಿ ತರಬೇತಿ ಸಂಸ್ಥೆಗಳಲ್ಲಿಯೂ ಸ್ಥಾನ ಮೀಸಲಿಡಲು ಅವಕಾಶ ಮಾಡಿಕೊಟ್ಟಿದೆ. ‘ತರಬೇತಿ’ ಎಂಬುದು ಇಲ್ಲಿ ಸಂವಿಧಾನವೇ ಮಾತನಾಡಿರುವ ವಿಷಯ. ಆದ್ದರಿಂದ ಆ ಪದದ ಒಳಗೆ ಏನಿದೆ ಎಂದು ಕೇಳುವುದು ಬರಿಯ ಭಾಷಿಕ ಕುತೂಹಲವಲ್ಲ.

3. ದುಡಿಮೆಯ ಪ್ರತಿಫಲಕ್ಕೆ ಹಳೆಯ ಹೆಸರುಗಳು

ಪ್ರತಿಫಲವನ್ನು ಸೂಚಿಸುವ ಕನ್ನಡದ ಹಳೆಯ ಪದಗಳನ್ನು ಗಮನಿಸಿದರೆ ಅವುಗಳಲ್ಲಿ ಹಲವು ಅನ್ನ ಮತ್ತು ಜೀವನದ ಕಲ್ಪನೆಗೆ ಅಂಟಿಕೊಂಡಿರುವುದು ಕಾಣುತ್ತದೆ. ‘ಸಂಬಳ’ವು ಸಂಸ್ಕೃತದ ‘ಶಂಬಲ’ದಿಂದ ಬಂದುದು, ಮೂಲದಲ್ಲಿ ಅದಕ್ಕೆ ದಾರಿಯ ಬುತ್ತಿ ಎಂಬ ಅರ್ಥವಿದೆ. ‘ಜೀತ’ವು ‘ಜೀವಿತ’ದ ತದ್ಭವ. ಹಳಗನ್ನಡ ಕಾವ್ಯ ಮತ್ತು ಶಾಸನಗಳಲ್ಲಿ ಅದು ಸೇವೆ ಸಲ್ಲಿಸಿದವನ ಜೀವನಾಧಾರವನ್ನು, ಅಂದರೆ ವೇತನವನ್ನು ಸೂಚಿಸುವ ಗೌರವದ ಪದವಾಗಿತ್ತು. ಒಡೆಯನ ಅನ್ನದ ಋಣಕ್ಕಾಗಿ ಪ್ರಾಣ ಕೊಡುವ ವೀರನ ನಿಷ್ಠೆಗೆ ‘ಜೋಳವಾಳಿ’ ಎಂಬ ಹೆಸರಿದ್ದುದನ್ನೂ ಇಲ್ಲಿ ನೆನೆಯಬಹುದು. ‘ಪಗಾರ’ವು ಪೋರ್ಚುಗೀಸ್ ಮೂಲದಿಂದ ಮರಾಠಿಯ ದಾರಿಯಲ್ಲಿ ಬಂದುದೆಂದು ವಿದ್ವಾಂಸರು ಹೇಳುತ್ತಾರೆ.

ಇವುಗಳಲ್ಲಿ ‘ಜೀತ’ದ ಪತನ ವಿಶೇಷ ಗಮನಕ್ಕೆ ಅರ್ಹವಾದುದು. ವೇತನ ಎಂಬ ಅರ್ಥವಿದ್ದ ಪದವು ಕಾಲಕ್ರಮದಲ್ಲಿ ವೇತನವಿಲ್ಲದ ದುಡಿಮೆಗೆ ಹೆಸರಾಯಿತು. ಸಾಲದ ಲೆಕ್ಕದಲ್ಲಿ ಕೂಲಿ ಕರಗಿಹೋಗುವ ಆ ವ್ಯವಸ್ಥೆಯನ್ನು 1976ರ ಕಾಯ್ದೆ ರದ್ದುಪಡಿಸಿತು. ಪದ ಉಳಿದು ಪದಾರ್ಥ ಖಾಲಿಯಾಗುವ ಈ ಪ್ರಕ್ರಿಯೆ ಒಮ್ಮೆ ನಡೆದಿದೆಯಾದ್ದರಿಂದ ಇನ್ನೊಮ್ಮೆ ನಡೆಯಲಾರದೆಂದು ಭಾವಿಸಲು ಕಾರಣವಿಲ್ಲ.

ಈ ಭಾಗದ ಕಚೇರಿಗಳ ಚರಿತ್ರೆಗೆ ಸೇರಿದ ಇನ್ನೊಂದು ಪದ ‘ಉಮೇದುವಾರ’. ನಿಜಾಮರ ಆಳ್ವಿಕೆಯಲ್ಲಿ ಲಿಂಗಸುಗೂರು 1905ರವರೆಗೆ ಜಿಲ್ಲಾ ಕೇಂದ್ರವಾಗಿತ್ತು. ಆಡಳಿತದ ಭಾಷೆ ಮೊದಲು ಪಾರಸಿ, ಅನಂತರ ಉರ್ದು. ‘ಉಮೇದು’ ಎಂದರೆ ಪಾರಸಿಯಲ್ಲಿ ಆಸೆ. ಉಮೇದುವಾರನೆಂದರೆ ಆಸೆ ಹೊತ್ತವನು. ಇಂದು ಈ ಪದ ಚುನಾವಣೆಯ ಅಭ್ಯರ್ಥಿಗೆ ಮೀಸಲಾಗಿದೆ. ಹಿಂದಿನ ಕಚೇರಿಗಳಲ್ಲಿ ಸಂಬಳವಿಲ್ಲದೆ ಅಥವಾ ಅತ್ಯಲ್ಪ ಹಣಕ್ಕೆ ಬರವಣಿಗೆಯ ಕೆಲಸ ಮಾಡುತ್ತ, ಸ್ಥಾನ ಖಾಲಿಯಾದಾಗ ತನಗೆ ಸಿಕ್ಕೀತೆಂದು ಕಾಯುತ್ತಿದ್ದವನೇ ಉಮೇದುವಾರ. ಆ ಪದ ತನ್ನ ಸ್ಥಿತಿಯನ್ನು ಮುಚ್ಚಿಡಲಿಲ್ಲ ಎಂಬುದು ಗಮನಾರ್ಹ. ನಿನಗೆ ಸಿಗುವುದು ಆಸೆ ಮಾತ್ರ ಎಂದು ಅದು ನೇರವಾಗಿ ಹೇಳುತ್ತಿತ್ತು.

4. ಹೊಸ ಪರಿಭಾಷೆ: ತರಬೇತಿ, ಶಿಶಿಕ್ಷು, ಶಿಷ್ಯವೇತನ

‘ತರಬೇತಿ’ಯು ಅರಬ್ಬಿ–ಪಾರಸಿಯ ‘ತರ್ಬಿಯತ್’ನಿಂದ ಬಂದ ಪದ. ಬೆಳೆಸುವುದು, ಸಾಕಿ ಸಲಹುವುದು ಎಂಬುದು ಅದರ ಮೂಲಾರ್ಥ. ಅಪ್ರೆಂಟಿಸ್ ಎಂಬುದಕ್ಕೆ ಆಡಳಿತ ಕನ್ನಡವು ‘ಶಿಶಿಕ್ಷು’ ಎಂಬ ಸಂಸ್ಕೃತ ರೂಪವನ್ನು ಬಳಸುತ್ತದೆ. ಮುಮುಕ್ಷು, ಜಿಜ್ಞಾಸು, ಪಿಪಾಸು ಮೊದಲಾದ ಪದಗಳ ಸಾಲಿಗೆ ಸೇರಿದ ಈ ಇಚ್ಛಾರ್ಥಕ ರೂಪಕ್ಕೆ ‘ಕಲಿಯಲು ಬಯಸುವವನು’ ಎಂದರ್ಥ. ಒಂದು ಪದವು ಕಲಿಸುವವನ ಪೋಷಣೆಯನ್ನು ಹೇಳಿದರೆ ಇನ್ನೊಂದು ಕಲಿಯುವವನ ಬಯಕೆಯನ್ನು ಹೇಳುತ್ತದೆ. ಎರಡರಲ್ಲಿಯೂ ದುಡಿಮೆಯ ಸುಳಿವಿಲ್ಲ.

‘ಶಿಷ್ಯವೇತನ’ದ ರಚನೆ ಇನ್ನೂ ಕುತೂಹಲಕರವಾದುದು. ಇಂಗ್ಲಿಷಿನ ‘ಸ್ಟೈಪೆಂಡ್’ಗೆ ಇದು ಸಮಾನಪದ. ಆ ಪದದ ಲ್ಯಾಟಿನ್ ಮೂಲ ‘ಸ್ಟಿಪೆಂಡಿಯಂ’ ಸೈನಿಕನ ಸಂಬಳವನ್ನು ಸೂಚಿಸುತ್ತಿತ್ತು. ಕನ್ನಡದಲ್ಲಿ ಸೈನಿಕನ ಜಾಗಕ್ಕೆ ಶಿಷ್ಯ ಬಂದಿದ್ದಾನೆ. ನಮ್ಮಲ್ಲಿ ಈಗಾಗಲೇ ಇದ್ದ ‘ವಿದ್ಯಾರ್ಥಿವೇತನ’ದ ನೆರಳೂ ಇದರ ಮೇಲೆ ಬಿದ್ದಿದೆ. ಆದರೆ ಎರಡರ ನಡುವೆ ಮೂಲಭೂತ ಅಂತರವಿದೆ. ವಿದ್ಯಾರ್ಥಿವೇತನ ಪಡೆಯುವವನು ಕೊಡುವವನಿಗಾಗಿ ಏನನ್ನೂ ಉತ್ಪಾದಿಸುವುದಿಲ್ಲ. ಶಿಷ್ಯವೇತನ ಪಡೆಯುವವನು ಗಣಿಯಲ್ಲಿಯೋ ಕಾರ್ಖಾನೆಯಲ್ಲಿಯೋ ಆಸ್ಪತ್ರೆಯಲ್ಲಿಯೋ ನಿಜವಾದ ಕೆಲಸದ ಒಂದು ಭಾಗವನ್ನು ಮಾಡುತ್ತಿರುತ್ತಾನೆ. ಸಮಾಸದ ಪೂರ್ವಪದ ಅವನನ್ನು ತರಗತಿಯಲ್ಲಿ ಕೂರಿಸುತ್ತದೆ. ಉತ್ತರಪದ ದುಡಿಮೆಯ ಕಡೆಗೆ ಎಳೆಯುತ್ತದೆ. ಈ ಎಳೆದಾಟವೇ ಅವನ ನಿಜಸ್ಥಿತಿ.

‘ಗೌರವಧನ’ ಇದಕ್ಕಿಂತ ಒಂದು ಹೆಜ್ಜೆ ಮುಂದಿದೆ. ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ ಇವರಿಗೆ ಸಿಗುವುದು ಇದೇ ಹೆಸರಿನ ಹಣ. ಹಳ್ಳಿಯಲ್ಲಿಯೇ ಉಳಿದ ಓದಿದ ಹೆಣ್ಣುಮಕ್ಕಳಿಗೆ ತೆರೆದಿರುವ ಕೆಲವೇ ದಾರಿಗಳಲ್ಲಿ ಇವೂ ಸೇರಿವೆ. ಗೌರವವನ್ನು ಮೊದಲಿಟ್ಟು ಧನವನ್ನು ಹಿಂದಿಟ್ಟ ಈ ಸಮಾಸದಲ್ಲಿ ಧನ ಕಡಿಮೆಯಾದಷ್ಟೂ ಗೌರವವನ್ನು ಹೆಚ್ಚಾಗಿ ಎತ್ತಿ ಹೇಳಲಾಗುತ್ತದೆ. ‘ಭತ್ಯೆ’ಯ ಕಥೆ ಬೇರೆ. ಆಂಗ್ಲೋ–ಇಂಡಿಯನ್ ಬಳಕೆಯ ‘ಬಟ್ಟಾ’ ಎಂಬ ಪದವನ್ನು 1886ರ ಹಾಬ್ಸನ್–ಜಾಬ್ಸನ್ ಕೋಶವು ಕನ್ನಡದ ‘ಭತ್ತ’ದೊಡನೆ ಹೊಂದಿಸಿ ನೋಡುತ್ತದೆ. ಅದು ನಿಜವಾದರೆ ಸಿಂಧನೂರಿನ ಗದ್ದೆಯ ಬೆಳೆಗೂ ಕಚೇರಿಯ ಭತ್ಯೆಗೂ ಒಂದೇ ಬೇರು. ಅನ್ನಕ್ಕೆಂದು ಕೊಟ್ಟದ್ದು ಎಂಬ ಪ್ರಾಮಾಣಿಕತೆಯಾದರೂ ಆ ಪದಕ್ಕಿದೆ.

5. ಯೋಜನೆಗಳ ಹೆಸರಿನಲ್ಲಿ ಆದ ಪಲ್ಲಟ

ಸರ್ಕಾರಿ ಯೋಜನೆಗಳ ಹೆಸರುಗಳನ್ನು ಕಾಲಾನುಕ್ರಮದಲ್ಲಿ ಇರಿಸಿ ನೋಡಿದರೆ ಒಂದು ಮುಖ್ಯ ಪಲ್ಲಟ ಗೋಚರಿಸುತ್ತದೆ. 1979ರ ಆಗಸ್ಟ್ 15ರಂದು ಆರಂಭವಾದ ‘ಟ್ರೈಸೆಮ್’ ಗ್ರಾಮೀಣ ಯುವಜನರಿಗೆ ಸ್ವಯಂ ಉದ್ಯೋಗಕ್ಕಾಗಿ ತರಬೇತಿ ನೀಡುವ ಯೋಜನೆ. ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳ 18ರಿಂದ 35 ವಯಸ್ಸಿನವರು ಅದರ ಫಲಾನುಭವಿಗಳು. ತರಬೇತಿಯ ಅವಧಿಯಲ್ಲಿ ಶಿಷ್ಯವೇತನ ಕೊಟ್ಟು ಕಸುಬಿನ ಸಲಕರಣೆ ಒದಗಿಸುವ ಕ್ರಮ ಅದರಲ್ಲಿತ್ತು. 1999ರಲ್ಲಿ ಅದು ಸ್ವರ್ಣಜಯಂತಿ ಗ್ರಾಮ ಸ್ವರೋಜಗಾರ್ ಯೋಜನೆಯಲ್ಲಿ ವಿಲೀನವಾಯಿತು. ಈ ಎರಡರ ಹೆಸರಿನಲ್ಲಿಯೂ ‘ಉದ್ಯೋಗ’ ಅಥವಾ ‘ರೋಜಗಾರ್’ ಇದೆ.

ಅನಂತರ ಬಂದವು: 2014ರ ದೀನದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆ, 2015ರ ಪ್ರಧಾನಮಂತ್ರಿ ಕೌಶಲ್ ವಿಕಾಸ್ ಯೋಜನೆ, 2017ರ ಮುಖ್ಯಮಂತ್ರಿ ಕೌಶಲ್ಯ ಕರ್ನಾಟಕ ಯೋಜನೆ. ಇಲ್ಲಿ ಉದ್ಯೋಗದ ಜಾಗವನ್ನು ಕೌಶಲ್ಯ ಆಕ್ರಮಿಸಿದೆ. ಇದು ಬರಿಯ ಹೆಸರಿನ ಬದಲಾವಣೆಯಲ್ಲ. ‘ನಿರುದ್ಯೋಗ’ ಎಂದಾಗ ಕೊರತೆ ಸಮಾಜದಲ್ಲಿದೆ, ಅಲ್ಲಿ ಕೆಲಸವಿಲ್ಲ ಎಂದಾಗುತ್ತದೆ. ‘ಕೌಶಲ್ಯದ ಕೊರತೆ’ ಎಂದಾಗ ಕೊರತೆ ಯುವಕನಲ್ಲಿಯೇ ಇದೆ ಎಂದಾಗುತ್ತದೆ. ಕೆಲಸ ಹುಟ್ಟಿಸಬೇಕಾದವರ ಹೊಣೆ ಹೀಗೆ ಕೆಲಸ ಕೇಳುವವರ ಹೆಗಲಿಗೆ ಸರಿಯುತ್ತದೆ.

‘ಕುಶಲ’ ಪದ ನಮ್ಮ ಅಲಂಕಾರಶಾಸ್ತ್ರದ ವಿದ್ಯಾರ್ಥಿಗಳಿಗೆ ಚಿರಪರಿಚಿತವಾದುದು. ದರ್ಭೆಯನ್ನು ಕೈಗೆ ಗಾಯವಾಗದಂತೆ ಕಿತ್ತು ತರಬಲ್ಲವನು ಎಂಬ ವ್ಯುತ್ಪತ್ತಿಯನ್ನು ಹಿಡಿದು, ಮಮ್ಮಟನು ಅದನ್ನು ರೂಢಿಲಕ್ಷಣೆಗೆ ಉದಾಹರಣೆಯಾಗಿ ಕೊಡುತ್ತಾನೆ. ಕೈ ಕುಯ್ದುಕೊಂಡು, ತಿದ್ದಿಕೊಂಡು, ಬಲ್ಲವನ ಪಕ್ಕದಲ್ಲಿ ಕಲಿಯಬೇಕಾದ ವಿದ್ಯೆ ಅದು. ಕೆಲವು ವಾರಗಳ ಹಾಜರಿ ಪುಸ್ತಕದಿಂದ ಅದು ಬರಲಾರದು ಎಂಬುದನ್ನು ಪದದ ಮೂಲವೇ ಸೂಚಿಸುತ್ತದೆ.

6. ಕಾನೂನಿನ ನಿಘಂಟು

ಭಾರತದಲ್ಲಿ ಶಿಶಿಕ್ಷುಗಳನ್ನು ಕುರಿತ ಮುಖ್ಯ ಕಾನೂನು 1961ರ ಅಪ್ರೆಂಟಿಸ್ ಕಾಯ್ದೆ. ಅದರ ಪ್ರಕಾರ ಶಿಶಿಕ್ಷು ಎಂದರೆ ಶಿಶಿಕ್ಷು ಕರಾರಿನ ಮೇರೆಗೆ ತರಬೇತಿ ಪಡೆಯುತ್ತಿರುವವನು. ಕಾಯ್ದೆಯ 18ನೆಯ ಪ್ರಕರಣವು ಅವನು ತರಬೇತಿ ಪಡೆಯುವವನೇ ಹೊರತು ಕಾರ್ಮಿಕನಲ್ಲ ಎಂದು ಸ್ಪಷ್ಟಪಡಿಸುತ್ತದೆ. ಆದರೆ ಅದೇ ಕಾಯ್ದೆ ಉದ್ಯೋಗದಾತನಿಗೆ ಕೆಲವು ಕಟ್ಟುಗಳನ್ನೂ ಹಾಕಿದೆ. ಗೊತ್ತುಪಡಿಸಿದ ಕನಿಷ್ಠ ದರಕ್ಕಿಂತ ಕಡಿಮೆ ಶಿಷ್ಯವೇತನ ಕೊಡುವಂತಿಲ್ಲ. ಉತ್ಪಾದನೆಯ ಬಿಡಿ ಲೆಕ್ಕದಲ್ಲಿ ಹಣ ಕೊಡುವಂತಿಲ್ಲ. ಸಲಹಾಧಿಕಾರಿಯ ಅನುಮತಿಯಿಲ್ಲದೆ ಹೆಚ್ಚುವರಿ ಅವಧಿ ದುಡಿಸುವಂತಿಲ್ಲ. ತರಬೇತಿಯ ವೇಳೆ ಗಾಯವಾದರೆ ಪರಿಹಾರ ಕೊಡಬೇಕು. ಕಾರ್ಮಿಕನಲ್ಲ ಎಂದು ಹೊರಗಿಟ್ಟವನಿಗೆ ಶಿಷ್ಯನಾಗಿ ಇಷ್ಟಾದರೂ ರಕ್ಷಣೆ ಇರಲಿ ಎಂಬುದು ಇದರ ಒಳತತ್ತ್ವ. ತರಬೇತಿಯ ಅನಂತರ ಕೆಲಸ ಕೊಡಲೇಬೇಕೆಂಬ ಕಟ್ಟು ಮಾತ್ರ, ಕರಾರಿನಲ್ಲಿ ಬರೆದಿದ್ದ ಹೊರತು, ಇಲ್ಲ. 2014ರ ತಿದ್ದುಪಡಿಯು ನೇಮಕಾತಿಯ ನೀತಿಯನ್ನು ಉದ್ಯೋಗದಾತನೇ ರೂಪಿಸಿಕೊಳ್ಳಲಿ ಎಂದಿತು.

ಇತರ ಕಾನೂನುಗಳಲ್ಲಿ ಆದ ಒಂದು ಬದಲಾವಣೆ ಭಾಷಾಧ್ಯಯನದ ದೃಷ್ಟಿಯಿಂದ ಮುಖ್ಯವಾದುದು. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯು ಕಾರ್ಮಿಕನನ್ನು ವ್ಯಾಖ್ಯಾನಿಸುವಾಗ ಶಿಶಿಕ್ಷುವನ್ನು ಸೇರಿಸಿಕೊಂಡು ಹೇಳಿತ್ತು. ಅದರ ಸ್ಥಾನಕ್ಕೆ ಬಂದು 2025ರ ನವೆಂಬರ್ 21ರಂದು ಜಾರಿಯಾದ ಕೈಗಾರಿಕಾ ಸಂಬಂಧಗಳ ಸಂಹಿತೆಯು 1961ರ ಕಾಯ್ದೆಯಡಿಯ ಶಿಶಿಕ್ಷುವನ್ನು ಹೊರತುಪಡಿಸಿ ಹೇಳುತ್ತದೆ. ‘ಸೇರಿದಂತೆ’ ಎಂಬ ಪದದ ಜಾಗದಲ್ಲಿ ‘ಹೊರತುಪಡಿಸಿ’ ಬಂದು ನಿಂತಿದೆ.

ಇನ್ನೊಂದು ಕಡೆ ಕರ್ನಾಟಕದ ‘ಯುವನಿಧಿ’ ಯೋಜನೆಯನ್ನು ನೋಡಬೇಕು. 2024ರ ಜನವರಿ 12ರಂದು ಮೊದಲ ಕಂತು ಬಿಡುಗಡೆಯಾದ ಈ ಯೋಜನೆ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿಯಂತೆ ಗರಿಷ್ಠ 24 ತಿಂಗಳ ನೆರವನ್ನು ಗೊತ್ತುಪಡಿಸಿತು. ಶಿಶಿಕ್ಷು ವೇತನ ಪಡೆಯುತ್ತಿರುವವರು ಇದಕ್ಕೆ ಅರ್ಹರಲ್ಲ ಎಂದು ಯೋಜನೆಯ ಆದೇಶ ಹೇಳಿತು. ಒಂದೇ ಕಡೆಯಿಂದ ಎರಡು ನೆರವು ಬೇಡ ಎಂಬ ತರ್ಕ ಅದರಲ್ಲಿರಬಹುದು. ಆದರೆ ಎರಡೂ ನಿಯಮಗಳನ್ನು ಒಟ್ಟಿಗೆ ಓದಿದಾಗ ಕಾಣುವ ಚಿತ್ರ ವಿಚಿತ್ರವಾದುದು. ಒಂದರ ಪ್ರಕಾರ ಶಿಶಿಕ್ಷು ಕಾರ್ಮಿಕನಲ್ಲ. ಇನ್ನೊಂದರ ಪ್ರಕಾರ ಅವನು ನಿರುದ್ಯೋಗಿಯೂ ಅಲ್ಲ. ಎರಡು ಹೆಸರುಗಳ ನಡುವಿನ ಬಯಲಿನಲ್ಲಿ ಅವನು ನಿಂತಿದ್ದಾನೆ.

ಹೆಸರನ್ನು ದಾಟಿ ನೋಡಲು ಸಾಧ್ಯವೆಂಬುದಕ್ಕೂ ನಿದರ್ಶನವಿದೆ. ಕರ್ನಾಟಕ ಸರ್ಕಾರ ಮತ್ತು ಅಮೀರ್‌ಬಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2006ರಲ್ಲಿ ಅಂಗನವಾಡಿ ಕಾರ್ಯಕರ್ತೆಯರು ಸರ್ಕಾರಿ ಹುದ್ದೆಯಲ್ಲಿರುವವರಲ್ಲ ಎಂದು ತೀರ್ಮಾನಿಸಿತ್ತು. ಗುಜರಾತಿನ ಕಾರ್ಯಕರ್ತೆಯರ ಪ್ರಕರಣದಲ್ಲಿ ಅದೇ ನ್ಯಾಯಾಲಯವು 2022ರ ಏಪ್ರಿಲ್‌ನಲ್ಲಿ ಅವರಿಗೆ ಉಪದಾನ ಕಾಯ್ದೆ, ಅಂದರೆ ಗ್ರಾಚ್ಯುಟಿ ಕಾಯ್ದೆ ಅನ್ವಯಿಸುತ್ತದೆ ಎಂದಿತು. ಗೌರವಧನವೆಂದು ಕರೆದರೂ ಅದು ಆ ಕಾಯ್ದೆಯ ಅರ್ಥದಲ್ಲಿ ವೇತನವೇ ಎಂದು ಎತ್ತಿಹಿಡಿಯಿತು. ಹುದ್ದೆಯ ಪ್ರಶ್ನೆ ಇತ್ಯರ್ಥವಾಗಿದ್ದರೂ ಹಣದ ಸ್ವರೂಪದ ಪ್ರಶ್ನೆಯಲ್ಲಿ ವಸ್ತುಸ್ಥಿತಿ ಪದವನ್ನು ಗೆದ್ದಿತು.

7. ದರಗಳ ಲೆಕ್ಕ

ಪದಗಳ ಚರ್ಚೆಗೆ ಅಂಕಿಗಳ ಆಧಾರವೂ ಬೇಕು. 2019ರಲ್ಲಿ ತಿದ್ದುಪಡಿಯಾದ ನಿಯಮಗಳು ಶಿಶಿಕ್ಷುವಿನ ಮೊದಲ ವರ್ಷದ ಕನಿಷ್ಠ ಶಿಷ್ಯವೇತನವನ್ನು ಹೀಗೆ ಗೊತ್ತುಪಡಿಸಿದವು: 5ರಿಂದ 9ನೆಯ ತರಗತಿ ಓದಿದವರಿಗೆ ತಿಂಗಳಿಗೆ 5,000 ರೂಪಾಯಿ, 10ನೆಯ ತರಗತಿಯವರಿಗೆ 6,000, 12ನೆಯ ತರಗತಿಯವರಿಗೆ ಹಾಗೂ ಐ.ಟಿ.ಐ. ಪ್ರಮಾಣಪತ್ರ ಉಳ್ಳವರಿಗೆ 7,000, ಡಿಪ್ಲೊಮಾದವರಿಗೆ 8,000, ಪದವೀಧರರಿಗೆ 9,000. ತಿಂಗಳಿಗೆ 26 ದಿನವೆಂದು ಭಾಗಿಸಿದರೆ ಎಸ್.ಎಸ್.ಎಲ್.ಸಿ. ಪಾಸಾದವರಿಗೆ ದಿನಕ್ಕೆ ಸುಮಾರು 231, ಐ.ಟಿ.ಐ. ಮುಗಿಸಿದವರಿಗೆ 269, ಪದವೀಧರರಿಗೆ 346 ರೂಪಾಯಿ ಬೀಳುತ್ತದೆ.

ಇದನ್ನು ಊರಿನಲ್ಲಿ ಮಣ್ಣು ಅಗೆಯುವ ಕೆಲಸದ ದರದೊಡನೆ ಹೋಲಿಸಬಹುದು. ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆ 2006ರಲ್ಲಿ ಮೊದಲ ಹಂತದಲ್ಲಿಯೇ ಜಾರಿಯಾದ ಜಿಲ್ಲೆಗಳಲ್ಲಿ ರಾಯಚೂರು ಒಂದು. ಅದರಡಿಯಲ್ಲಿ ಕರ್ನಾಟಕಕ್ಕೆ ಗೊತ್ತುಪಡಿಸಿದ್ದ ದಿನಗೂಲಿ 2019–20ರಲ್ಲಿ 249 ರೂಪಾಯಿ. 2025–26ರಲ್ಲಿ 370 ರೂಪಾಯಿ. ನಿಯಮ ಬಂದ ವರ್ಷ ಐ.ಟಿ.ಐ. ಮುಗಿಸಿದ ಶಿಶಿಕ್ಷುವಿನ ದಿನದ ಪಾಲು ಖಾತರಿ ಕೂಲಿಗಿಂತ 20 ರೂಪಾಯಿ ಹೆಚ್ಚಿತ್ತು. ಆರು ವರ್ಷಗಳಲ್ಲಿ ಕೂಲಿಯ ದರ ಏರಿತು, ಶಿಷ್ಯವೇತನದ ಕನಿಷ್ಠ ದರ ನಿಂತಲ್ಲಿಯೇ ನಿಂತಿತು. 2025–26ರ ದರದಲ್ಲಿ 26 ದಿನದ ಖಾತರಿ ಕೂಲಿ 9,620 ರೂಪಾಯಿಯಾದರೆ ಪದವೀಧರ ಶಿಶಿಕ್ಷುವಿನ 9,000 ರೂಪಾಯಿ ಕೂಡ ಅದಕ್ಕಿಂತ ಕಡಿಮೆ. 2025ರ ಮೇ ತಿಂಗಳಲ್ಲಿ ಕೇಂದ್ರ ಅಪ್ರೆಂಟಿಸ್‌ಷಿಪ್ ಮಂಡಳಿಯು ದರವನ್ನು ಶೇ. 36ರಷ್ಟು ಹೆಚ್ಚಿಸಲು ಶಿಫಾರಸು ಮಾಡಿತು. ಆ ಪ್ರಮಾಣದಲ್ಲಿ ಹೆಚ್ಚಿಸಿದರೂ 10ನೆಯ ತರಗತಿಯವನ 6,000 ರೂಪಾಯಿ ಸುಮಾರು 8,160 ಆಗುತ್ತದೆ. ಮಣ್ಣು ಅಗೆಯುವ ಕೂಲಿಯನ್ನು ಅದು ಮುಟ್ಟುವುದಿಲ್ಲ.

ಈ ಹೋಲಿಕೆಗೆ ಮಿತಿಗಳಿವೆ. ಆ ಕಾಯ್ದೆಯಡಿ ಖಾತರಿ ಕೆಲಸ ವರ್ಷಕ್ಕೆ ಒಂದು ಕುಟುಂಬಕ್ಕೆ 100 ದಿನಗಳ ಮಟ್ಟಿಗೆ ಮಾತ್ರ ಸಿಗುತ್ತಿದ್ದಂಥದು; ಶಿಷ್ಯವೇತನ ತಿಂಗಳು ತಿಂಗಳಿಗೆ ಬರುವಂಥದು. ಮೇಲೆ ಹೇಳಿದ್ದು ಕನಿಷ್ಠ ದರ. ಹೆಚ್ಚು ಕೊಡುವ ಸಂಸ್ಥೆಗಳೂ ಇವೆ. ಆದರೂ ಊರು ಬಿಟ್ಟು ಪರಸ್ಥಳದಲ್ಲಿ ತರಬೇತಿಗೆ ಸೇರುವ ಮಸ್ಕಿಯ ಹುಡುಗಿಗೆ ಬಾಡಿಗೆ ಕೋಣೆ, ಊಟ, ಬಸ್ಸಿನ ಖರ್ಚು ಈ ಹಣದಲ್ಲಿಯೇ ಕಳೆಯಬೇಕು. ಮನೆಯಿಂದ ಹಣ ತರಿಸಿಕೊಳ್ಳಬಲ್ಲವರಿಗೆ ಮಾತ್ರ ಶಿಷ್ಯವೃತ್ತಿ ಸಾಧ್ಯವಾಗುತ್ತದೆ. ತರಿಸಿಕೊಳ್ಳಲಾಗದವರು ಗುಳೆ ಹೋಗುತ್ತಾರೆ. ಬಡವರಿಗಾಗಿ ಎಂದು ರೂಪುಗೊಂಡ ಬಾಗಿಲಿನ ಹೊಸ್ತಿಲು ಬಡವರಿಗೇ ಎತ್ತರವಾಗುವುದು ಹೀಗೆ.

8. ಉಸ್ತಾದನ ಗ್ಯಾರೇಜು ಮತ್ತು ಕರಾರಿನ ಕಾರ್ಖಾನೆ

ಕಡಿಮೆ ಹಣಕ್ಕೆ ಕಲಿಯುವುದು ತನ್ನಷ್ಟಕ್ಕೆ ಅನ್ಯಾಯವಲ್ಲ ಎಂಬ ವಾದವನ್ನು ಇಲ್ಲಿ ಪರಿಗಣಿಸಬೇಕು. ಬಡಿಗ, ಕಮ್ಮಾರ, ದರ್ಜಿಗಳ ಕಸುಬುಗಳು ತಲೆಮಾರಿನಿಂದ ತಲೆಮಾರಿಗೆ ದಾಟಿದ್ದು ಹೀಗೆಯೇ. ಗ್ಯಾರೇಜಿನ ಉಸ್ತಾದನ ಬಳಿ ಸೇರಿದ ಹುಡುಗ ಮೊದಲು ಪಾನಾ ಎತ್ತಿಕೊಡುತ್ತಾನೆ, ಗ್ರೀಸು ಒರೆಸುತ್ತಾನೆ, ಚಹಾ ತರುತ್ತಾನೆ. ಕಾಲಕ್ರಮದಲ್ಲಿ ಎಂಜಿನ್ ಬಿಚ್ಚಲು, ಕೊನೆಗೆ ಅದರ ಸದ್ದು ಕೇಳಿಯೇ ದೋಷ ಹೇಳಲು ಕಲಿಯುತ್ತಾನೆ. ಒಂದು ದಿನ ತನ್ನದೇ ಗ್ಯಾರೇಜು ತೆರೆಯುತ್ತಾನೆ. ಈ ಪದ್ಧತಿಯಲ್ಲಿ ಲಿಖಿತ ಕರಾರಿಲ್ಲ, ಅವಧಿಯಿಲ್ಲ, ಬೈಗುಳ ಉಂಟು, ಎಳೆಯ ವಯಸ್ಸಿನ ದುಡಿತವೂ ಉಂಟು. 14 ತುಂಬದವರನ್ನು ಕೆಲಸಕ್ಕೆ ಇಟ್ಟುಕೊಳ್ಳುವುದನ್ನೂ 18 ತುಂಬದವರನ್ನು ಅಪಾಯಕಾರಿ ಕೆಲಸಕ್ಕೆ ಹಚ್ಚುವುದನ್ನೂ 2016ರ ತಿದ್ದುಪಡಿಯ ಅನಂತರ ಕಾನೂನು ನಿಷೇಧಿಸಿದೆ. ಆದ್ದರಿಂದ ಈ ಪದ್ಧತಿಯನ್ನು ಆದರ್ಶವೆಂದು ಎತ್ತಿ ಹಿಡಿಯಲಾಗದು. ಆದರೆ ಅಲ್ಲಿ ‘ಯಾರ ಕೈಕೆಳಗ?’ ಎಂಬ ಪ್ರಶ್ನೆಗೆ ಉತ್ತರವಿತ್ತು. ಗುರು ಎದುರಿಗಿದ್ದ, ಕಲಿಕೆ ಮುಗಿಯುವ ಹಂತವೊಂದಿತ್ತು.

ಯೋಜನೆಯಡಿಯ ತರಬೇತಿಯಲ್ಲಿ ಇದಕ್ಕೆ ತಿರುಗುಮುರುಗು ಪರಿಸ್ಥಿತಿ ಉಂಟಾಗಬಹುದು. ಕರಾರು, ಪ್ರಮಾಣಪತ್ರ, ಹಾಜರಿ ಎಲ್ಲವೂ ಇದ್ದು ಕಲಿಸುವವರು ಮಾತ್ರ ಇಲ್ಲದಿರಬಹುದು. ಕಾಯಂ ಕೆಲಸಗಾರನ ಜಾಗದಲ್ಲಿ ಶಿಶಿಕ್ಷು ನಿಂತು, ಅವನ ವರ್ಷ ಮುಗಿದಾಗ ಇನ್ನೊಬ್ಬ ಶಿಶಿಕ್ಷು ಅದೇ ಜಾಗಕ್ಕೆ ಬಂದರೆ, ಅಲ್ಲಿ ನಡೆಯುತ್ತಿರುವುದು ಕಾಯಂ ಹುದ್ದೆಯ ಬದಲಿ ಭರ್ತಿಯೇ ಹೊರತು ತರಬೇತಿಯಲ್ಲ. ಬ್ರಿಟನ್ನಿನಲ್ಲಿ 1983ರಲ್ಲಿ ವಾರಕ್ಕೆ 25 ಪೌಂಡಿನ ಭತ್ಯೆಯೊಡನೆ ಆರಂಭವಾದ ಯುವ ತರಬೇತಿ ಯೋಜನೆಯ ವಿರುದ್ಧ ಅಲ್ಲಿನ ಕಾರ್ಮಿಕ ಸಂಘಟನೆಗಳು ಎತ್ತಿದ ಆಕ್ಷೇಪವೂ ಇದೇ. ಇದಕ್ಕೆ ಭಿನ್ನವಾಗಿ ಜರ್ಮನಿಯ ಉಭಯಶಿಕ್ಷಣ ಪದ್ಧತಿಯಲ್ಲಿ ವಾರದ ಕೆಲವು ದಿನ ಕೆಲಸದ ಸ್ಥಳದಲ್ಲಿಯೂ ಉಳಿದ ದಿನ ವೃತ್ತಿಶಾಲೆಯಲ್ಲಿಯೂ ಕಲಿಕೆ ನಡೆಯುತ್ತದೆ. ಕೊನೆಯಲ್ಲಿ ಹೊರಗಿನವರು ನಡೆಸುವ ಪರೀಕ್ಷೆಯಿದೆ. ಅಲ್ಲಿಯೂ ಕಲಿಯುವವರ ಪ್ರತಿಫಲ ಕಡಿಮೆಯೇ. ಆದರೆ ಆ ಕಡಿತಕ್ಕೆ ಬದಲಾಗಿ ಏನು ಸಿಗುತ್ತದೆ ಎಂಬುದು ಸ್ಪಷ್ಟ.

ನಮ್ಮ ಮೂರು ತಾಲ್ಲೂಕುಗಳ ಮಟ್ಟಿಗೆ ಇನ್ನೊಂದು ತೊಡಕಿದೆ. 2019ರ ನಿಯಮಗಳಂತೆ 30 ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಸಂಸ್ಥೆಗಳಿಗೆ ಮಾತ್ರ ಶಿಶಿಕ್ಷುಗಳನ್ನು ತೆಗೆದುಕೊಳ್ಳುವುದು ಕಡ್ಡಾಯ, ಪ್ರಮಾಣ ಶೇ. 2.5ರಿಂದ 15. ಹಟ್ಟಿಯಂಥ ದೊಡ್ಡ ಉದ್ದಿಮೆಯನ್ನು ಬಿಟ್ಟರೆ ಇಲ್ಲಿನ ಗ್ಯಾರೇಜು, ಬಟ್ಟೆ ಅಂಗಡಿ, ಗೊಬ್ಬರದ ಮಳಿಗೆಗಳಲ್ಲಿ ಅಷ್ಟು ಜನ ಇರುವುದು ವಿರಳ. ಹೀಗಾಗಿ ‘ಕೆಲಸ ಕಲಿಯಾಕ’ ಹೋದವರಲ್ಲಿ ಬಹುಪಾಲು ಜನ ಕಾಯ್ದೆಯ ಅರ್ಥದಲ್ಲಿ ಶಿಶಿಕ್ಷುಗಳೇ ಅಲ್ಲ. ಅವರ ಹೆಸರಿನಲ್ಲಿ ಯಾವ ಕರಾರೂ ಇಲ್ಲ. ಕಾರ್ಮಿಕರ ವ್ಯಾಖ್ಯೆಯಿಂದ ಹೊರಗಿಟ್ಟಿರುವುದು ಕರಾರು ಪಡೆದ ಶಿಶಿಕ್ಷುವನ್ನು. ಕರಾರೇ ಇಲ್ಲದವನನ್ನು ‘ಕಲಿಯುವವನು’ ಎಂಬ ಬರಿಯ ಮಾತಿನಿಂದ ಹೊರಗಿಡಲು ಆ ಹೊರತುಪಡಿಕೆ ಆಧಾರವಾಗದು. ಆಡುಮಾತಿನ ಕ್ರಿಯಾಪದಕ್ಕೆ ಕಾನೂನಿನ ಬಲವಿದೆಯೆಂದು ಮಾಲೀಕನೂ ಹುಡುಗನ ಮನೆಯವರೂ ನಂಬಿರುವುದು ಒಂದು ಭ್ರಮೆ.

9. ಲಕ್ಕಮ್ಮನ ಅಳತೆ

ತರಬೇತಿ ಶಿಬಿರಗಳ ಉದ್ಘಾಟನೆಯಲ್ಲಿ ಕಾಯಕದ ಮಹಿಮೆಯನ್ನು ನೆನೆಯುವುದು ವಾಡಿಕೆಯಾಗಿದೆ. ಕೆಲಸವೇ ಪೂಜೆ, ಹಣವನ್ನು ಕೇಳಬೇಡಿ ಎಂಬ ಧ್ವನಿಯೂ ಕೆಲವೊಮ್ಮೆ ಅದರಲ್ಲಿ ಸೇರಿಕೊಳ್ಳುತ್ತದೆ. ಕಾಯಕತತ್ತ್ವದ ಪ್ರಮುಖ ಶರಣ ದಂಪತಿಗಳಾದ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ಇದೇ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವರು ಎಂಬುದು ಪರಂಪರೆಯ ಮಾತು. ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಅವರ ಕಾಯಕ. ಒಂದು ದಿನ ಮಾರಯ್ಯ ಎಂದಿನದಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮ ಹೇಳಿದ ಪ್ರಸಂಗ ಪ್ರಸಿದ್ಧವಾಗಿದೆ.

ಈ ಪ್ರಸಂಗವನ್ನು ಸಾಮಾನ್ಯವಾಗಿ ಅಪರಿಗ್ರಹದ ನಿದರ್ಶನವಾಗಿ ಓದುತ್ತೇವೆ. ಆದರೆ ಅದನ್ನು ಅಳತೆಯ ನಿದರ್ಶನವಾಗಿಯೂ ಓದಬಹುದು. ಲಕ್ಕಮ್ಮನಿಗೆ ದುಡಿಮೆಗೂ ಅದರ ಫಲಕ್ಕೂ ನಡುವೆ ಒಂದು ನಿಖರವಾದ ಸಮತೂಕವಿದೆ. ಸಲ್ಲಬೇಕಾದುದಕ್ಕಿಂತ ಹೆಚ್ಚು ಪಡೆಯುವುದು ಆ ಸಮತೂಕದ ಭಂಗ. ಹಾಗಿದ್ದರೆ ಸಲ್ಲಬೇಕಾದುದಕ್ಕಿಂತ ಕಡಿಮೆ ಕೊಡುವುದೂ ಅದೇ ಸಮತೂಕದ ಭಂಗವೇ. ಕೊಡುವವನು ತನ್ನಲ್ಲಿ ಉಳಿಸಿಕೊಂಡ ಕೂಲಿಯೂ ಹೆಚ್ಚಾದ ಅಕ್ಕಿಯೇ. ಕಾಯಕದ ಹೆಸರಿನಲ್ಲಿ ಕೂಲಿಯ ಪ್ರಶ್ನೆಯನ್ನು ಅಡಗಿಸುವವರು ಲಕ್ಕಮ್ಮನ ಅಳತೆಯ ಅರ್ಧವನ್ನು ಮಾತ್ರ ನೆನಪಿಟ್ಟಿದ್ದಾರೆ.

10. ಸಮಾರೋಪ

ಈವರೆಗಿನ ಚರ್ಚೆಯಿಂದ ಕೆಲವು ತೀರ್ಮಾನಗಳನ್ನು ನಿರೂಪಿಸಬಹುದು. ಪ್ರತಿಫಲದ ಹಳೆಯ ಪದಗಳು ದುಡಿಮೆಯನ್ನು ಅನ್ನದೊಡನೆ ಬೆಸೆದಿದ್ದರೆ, ಹೊಸ ಪದಗಳು ಅದನ್ನು ಬಯಕೆ, ಪೋಷಣೆ, ಗೌರವಗಳೊಡನೆ ಬೆಸೆದಿವೆ. ಯೋಜನೆಗಳ ಹೆಸರಿನಲ್ಲಿ ಉದ್ಯೋಗದ ಜಾಗಕ್ಕೆ ಕೌಶಲ್ಯ ಬಂದುದರಿಂದ ಕೊರತೆಯ ಹೊಣೆ ಸಮಾಜದಿಂದ ವ್ಯಕ್ತಿಗೆ ವರ್ಗಾವಣೆಯಾಗಿದೆ. ಕಾನೂನಿನ ನಿಘಂಟಿನಲ್ಲಿ ಶಿಶಿಕ್ಷು ಕಾರ್ಮಿಕನೂ ಅಲ್ಲ, ನಿರುದ್ಯೋಗಿಯೂ ಅಲ್ಲ. ‘ಶಿಷ್ಯವೇತನ’ ಎಂಬುದು ಕೆಟ್ಟ ಪದವಲ್ಲ. ಅದು ಒಂದು ವಾಗ್ದಾನ. ವೇತನದಲ್ಲಿ ಕಡಿತಮಾಡಿದ್ದನ್ನು ವಿದ್ಯೆಯಲ್ಲಿ ತುಂಬಿಕೊಡುತ್ತೇವೆ ಎಂಬ ಆ ವಾಗ್ದಾನ ನಡೆಯುತ್ತಿದೆಯೇ ಎಂದು ನೋಡಲು ನಾಲ್ಕು ಪ್ರಶ್ನೆಗಳು ಸಾಕು. ಕಲಿಸುವವರು ಯಾರು? ಕಲಿಕೆ ಎಂದು ಮುಗಿಯುತ್ತದೆ? ಮುಗಿದಾಗ ಸಿಗುವ ಪ್ರಮಾಣಪತ್ರವನ್ನು ಬೇರೆ ಊರಿನ ಮಾಲೀಕ ಒಪ್ಪುತ್ತಾನೆಯೇ? ಈ ಜಾಗದಲ್ಲಿ ಹಿಂದೆ ಕಲಿತವರು ಈಗ ಎಲ್ಲಿದ್ದಾರೆ? ಇವುಗಳಿಗೆ ಉತ್ತರವಿದ್ದರೆ ಆ ಹಣ ಶಿಷ್ಯವೇತನ. ಉತ್ತರವಿಲ್ಲದಿದ್ದರೆ ಅದು ಕಡಿಮೆ ಕೊಟ್ಟ ಕೂಲಿ.

ಕನ್ನಡ ವಿಭಾಗಗಳಿಗೂ ಇಲ್ಲಿ ಮಾಡಬೇಕಾದ ಕೆಲಸವಿದೆ. ಕರಾರಿನ ಷರತ್ತುಗಳನ್ನು ಎಸ್.ಎಸ್.ಎಲ್.ಸಿ. ಓದಿದವರು ತಾವೇ ಓದಿ ತಿಳಿಯಬಲ್ಲ ಕನ್ನಡದಲ್ಲಿ ರೂಪಿಸುವುದು, ದುಡಿಮೆಯ ಆಡುಪದಗಳನ್ನು ತಾಲ್ಲೂಕುವಾರು ಸಂಗ್ರಹಿಸುವುದು, ಆಡಳಿತ ಪದಕೋಶಗಳಲ್ಲಿ ಶಿಷ್ಯವೇತನ, ಗೌರವಧನ, ಭತ್ಯೆಗಳ ಅರ್ಥವ್ಯತ್ಯಾಸವನ್ನು ಸ್ಪಷ್ಟಪಡಿಸುವುದು ಅಂಥ ಕೆಲಸಗಳು. ಮಗ ಅಥವಾ ಮಗಳು ‘ಕೆಲಸ ಕಲಿಯಾಕ’ ಹೋದಾಗ ಮನೆಯವರು ‘ಯಾರ ಕೈಕೆಳಗ?’ ಎಂಬ ಪ್ರಶ್ನೆಯ ಜೊತೆಗೆ ‘ಎಷ್ಟು ಕೊಡ್ತಾರ?’ ಎಂಬುದನ್ನೂ ಕೇಳುವಂತಾದರೆ, ಎರಡು ವಾಕ್ಯಗಳಾಗಿ ಬೇರೆಯಾಗಿದ್ದ ಕಲಿಕೆ ಮತ್ತು ಕೂಲಿ ಒಂದೇ ವಾಕ್ಯಕ್ಕೆ ಬಂದಂತಾಗುತ್ತದೆ.